ಚಪ್ಪಲಿ ಬೇಡದ ನೌಕರಿ

ನಮ್ಮ ಬಾದನಹಟ್ಟಿಯಲ್ಲಿ ನೌಕರಿಗೂ ಚಪ್ಪಲಿಗೂ ನೆಂಟಸ್ತಿಕೆ. ಬೆಳಗ್ಗೆ ಎಂಟಕ್ಕೆ ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ನಡೆದವರು ನೌಕರಿಯವರು, ಬರಿಗಾಲಲ್ಲಿ ಅಂಗಳದಲ್ಲಿ ನಿಂತವರು ಮನೆಯಲ್ಲಿರುವವರು. ಮಾಸ್ತರು, ನರ್ಸಮ್ಮ, ಬಳ್ಳಾರಿಗೆ ಜೀನ್ಸ್ ಹೊಲಿಯಲು ಹೋಗುವ ಹುಡುಗಿಯರು, ಎಲ್ಲರ ಹಣೆಬರಹವನ್ನೂ ಓಣಿಯವರು ಓದುವುದು ಕಾಲಿನಲ್ಲೇ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಮಾತ್ರ ಈ ಲೆಕ್ಕ ಸ್ವಲ್ಪ ತಪ್ಪುತ್ತಿದೆ. ಯಾರು ನೌಕರಿಗೆ, ಯಾರು ತವರಿಗೆ, ಯಾರು ಸುಮ್ಮನೆ ಕುರುಗೋಡಿಗೆ ಹೋಗಿ ಒಗ್ಗರಣಿ ಮಿರ್ಚಿ ತಿಂದು ಬರಲಿಕ್ಕೆ ಎಂದು ಗುರುತಿಸುವುದು ಕಟ್ಟೆಯ ಮೇಲಿನ ಹಿರಿಯರಿಗೆ ಕಷ್ಟವಾಗಿದೆ.

ಇಂಥ ಊರಲ್ಲಿ 12 ವರ್ಷ ಮನೆಯಲ್ಲಿದ್ದ ನನಗೆ ನೌಕರಿ ಸಿಕ್ಕಿತು. ಅದಕ್ಕೆ ಚಪ್ಪಲಿಯೇ ಬೇಕಿರಲಿಲ್ಲ. ದಿನಕ್ಕೆ ಮೂರು ನಾಲ್ಕು ತಾಸು, ಕಿವಿಯಲ್ಲಿ ಇಯರ್‌ಫೋನು, ತೊಡೆಯ ಮೇಲೆ ಲ್ಯಾಪ್‌ಟಾಪು. ಸುದ್ದಿ ಕೇಳಿದ ಅತ್ತೆ ಮೊದಲು ನನ್ನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು.

"ಎಲ್ಲಿಗಿ ಹೋಗಬೇಕವಾ?"

"ಎಲ್ಲಿಗೂ ಇಲ್ರಿ ಅತ್ತಿ, ಮನ್ಯಾಗ ಕುಂತು ಮಾಡೋದು."

"ಮನ್ಯಾಗ ಈಗೂ ಮಾಡಾಕತ್ತೀಯಲ್ಲ. ಅದಕ್ಕ ನೌಕರಿ ಅಂತ ಯಾಕಂತೀ?"

ಇದಕ್ಕೆ ನನ್ನ ಬಿ.ಇಡಿ.ಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ.

ಒಂದು ಕಾಲಕ್ಕೆ ನಾನೂ ಚಪ್ಪಲಿಯವಳೇ. ಬಳ್ಳಾರಿಯ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷ ಕನ್ನಡ ಕಲಿಸಿದೆ. 2012ರಲ್ಲಿ ಮಗ ಹುಟ್ಟಿದ. ಒಂದು ವರ್ಷ ನೋಡಿಕೊಂಡು ಮತ್ತೆ ಹೋದರಾಯಿತು ಅಂದುಕೊಂಡೆ. ಆ ಒಂದು ವರ್ಷ ಎಲಾಸ್ಟಿಕ್ಕಿನ ಜಾತಿಯದು. ಮಗನ ಹಿಂದೆ ಮಗಳು ಬಂದಳು, ಮಗಳ ಹಿಂದೆ ಮಾವನವರಿಗೆ ಲಕ್ವ ಹೊಡೆಯಿತು, ಅದರ ಹಿಂದೆ ನಾವೇ ಬಳ್ಳಾರಿಯ ಬಾಡಿಗೆ ಮನೆ ಬಿಟ್ಟು ಊರಿಗೆ ಬಂದೆವು. ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿ, ಕೆಲಸದ ಸ್ವರೂಪ ಒಪ್ಪಿದರೆ ರಜೆ ಮುಗಿದ ಮೇಲೆ ಮನೆಯಿಂದಲೇ ಮಾಡಬಹುದು ಎಂಬ ಮಾತನ್ನೂ ಸೇರಿಸಿ ಕಾಯ್ದೆ ಬಂದದ್ದು 2017ರಲ್ಲಿ. ಅಷ್ಟೊತ್ತಿಗೆ ನನ್ನ ಮಗ ಅಂಗನವಾಡಿಯ ಉಪ್ಪಿಟ್ಟಿನ ಬಗ್ಗೆ ಅಭಿಪ್ರಾಯ ಹೇಳುವಷ್ಟು ದೊಡ್ಡವನಾಗಿದ್ದ.

ಮತ್ತೆ ಕೆಲಸ ಹುಡುಕಲು ಹೊರಟಾಗ ಮೊದಲು ಎದುರಾದದ್ದು ಅರ್ಜಿಯಲ್ಲಿನ ಒಂದು ಖಾನೆ: ಹಿಂದಿನ ಕೆಲಸ ಬಿಟ್ಟಾಗಿನಿಂದ ಇಲ್ಲಿಯವರೆಗೆ ಏನು ಮಾಡುತ್ತಿದ್ದಿರಿ? ಅದರ ಮುಂದೆ ಒಂದಿಡೀ ಸಂಜೆ ಕೂತೆ. ಏನು ಬರೆದರೂ ಬಡಾಯಿ ಅನಿಸುತ್ತದೆ, ಬರೆಯದಿದ್ದರೆ 12 ವರ್ಷ ಮಲಗಿದ್ದ ಹಾಗೆ ಕಾಣುತ್ತದೆ. ಮಗ ಬಂದು ಭುಜದ ಮೇಲಿಂದ ಇಣುಕಿ, "ಖಾಲಿ ಬಿಡು ಮಮ್ಮಿ. ಬಳ್ಳಾರಿ ಜಿಲ್ಲೆ ಅಂತ ನೋಡಿದ ಕೂಡ್ಲೆ ಕರೆಂಟ್ ಹೋಗಿರಬೇಕು ಅಂದ್ಕೋತಾರ" ಅಂದ. ಅವನ ಮಾತೇ ಸರಿ ಅನಿಸಿ ಖಾಲಿ ಬಿಟ್ಟೆ.

ಮನೆಯಲ್ಲಿ ಕೂತು ಮಾಡುವ ಕೆಲಸ ಹುಡುಕುವವರ ಮೂಗಿಗೆ ಮೊದಲು ಬಡಿಯುವುದು ಪೆನ್ಸಿಲ್ ವಾಸನೆ. ಪೆನ್ಸಿಲ್ ಡಬ್ಬಿಗೆ ತುಂಬಿ ಕೊಡಿ, ತಿಂಗಳಿಗೆ 30 ಸಾವಿರ! ಜಾಹೀರಾತಿನಲ್ಲಿ ಮಂಚದ ತುಂಬ ಪೆನ್ಸಿಲ್, ನಡುವೆ ನಗುವ ಹೆಂಗಸು. ಪೆನ್ಸಿಲ್ಲನ್ನು ಡಬ್ಬಿಗೆ ತುಂಬಲು ಕಾರ್ಖಾನೆಯವರು ಬಾದನಹಟ್ಟಿಗೆ ಯಾಕೆ ಕಳಿಸುತ್ತಾರೆ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಿದೆ ಕೂಡ, ಆದರೆ ಗುರುತಿನ ಚೀಟಿಗೆಂದು 650 ರೂಪಾಯಿ ಫೋನ್‌ಪೇ ಮಾಡಿದ ಮೇಲೆ. ಆಮೇಲೆ ಕೊರಿಯರ್‌ಗೆ 1,900 ಕೇಳಿದರು. 1930ಕ್ಕೆ ಫೋನ್ ಮಾಡಬೇಕು, ಆನ್‌ಲೈನ್ ಮೋಸಕ್ಕೆ ಅದೇ ಸಹಾಯವಾಣಿ ಎಂಬುದು ತಿಳಿದದ್ದು ಅದರಾಚೆ. ನಾಚಿಕೆ ಬಿಟ್ಟು ಮಾಡಿದೆ. ಮನೆಯವರಿಗೆ ಮಾತ್ರ ಇವತ್ತಿಗೂ ಹೇಳಿಲ್ಲ. ಅವರು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರು, 650 ರೂಪಾಯಿಯನ್ನು ಯಾವ ಖಾತೆಗೆ ಹಾಕುವುದೆಂದು ಅವರಿಗೆ ನಿದ್ದೆ ಬರುವುದಿಲ್ಲ.

ಕೊನೆಗೆ ಸಿಕ್ಕ ಕೆಲಸ, ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದ್ದು. ಯಂತ್ರಕ್ಕೆ ಕನ್ನಡ ಕಲಿಸುವುದು. ಈಗ ಯಂತ್ರಗಳಿಗೆ ನಮ್ಮ ಮಾತು ತಿಳಿಯಬೇಕಲ್ಲ, ಅದಕ್ಕೆ ಊರೂರಿನ ಜನರ ಧ್ವನಿ ಕೂಡಿಸುತ್ತಾರೆ. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರು ಫೋನಿನಲ್ಲಿ ಕನ್ನಡ ವಾಕ್ಯ ಓದಿ ಹಣ ಪಡೆದ ಸುದ್ದಿ 2023ರಲ್ಲಿ ಅಮೆರಿಕದ ಟೈಮ್ ಪತ್ರಿಕೆಯವರೆಗೂ ಹೋಗಿತ್ತು. ನನ್ನದು ಅದರ ಮುಂದಿನ ಹಂತ. ಯಾರೋ ಮಾತಾಡಿದ್ದನ್ನು ಯಂತ್ರ ಬರೆದಿರುತ್ತದೆ, ನಾನು ಕೇಳಿ ತಿದ್ದಬೇಕು. ಮೇಷ್ಟ್ರಗಿತ್ತಿಗೆ ಹೇಳಿ ಮಾಡಿಸಿದ ಕೆಲಸ. ವಿದ್ಯಾರ್ಥಿ ಬೆಂಚಿನ ಮೇಲೆ ನಿಲ್ಲಿಸಿದರೆ ಅಳುವುದಿಲ್ಲ ಎಂಬುದೊಂದೇ ಕೊರತೆ.

ಮೊದಲ ದಿನ ರಾಯಚೂರು ಕಡೆಯ ರೈತರೊಬ್ಬರ ಧ್ವನಿ ಬಂತು. "ಮಳಿ ಆತ್ರಿ, ಎಡಿ ಹೊಡದೀನ್ರಿ" ಅಂದಿದ್ದರು. ಬೆಳೆಯ ಸಾಲಿನ ನಡುವೆ ಕುಂಟೆ ಹೊಡೆದು ಕಳೆ ತೆಗೆದದ್ದನ್ನು ಹೇಳುತ್ತಿದ್ದರು, ಪಾಪ. ಯಂತ್ರ ಬರೆದಿತ್ತು: ಮಳೆ ಆಯ್ತು, ಎದೆ ಹೊಡೆದಿದೀನಿ. ಮಳೆ ಬಂದದ್ದಕ್ಕೆ ಎದೆ ಹೊಡೆದುಕೊಂಡ ರೈತನನ್ನು ನೆನೆದು ಮಾಳಿಗೆಯ ಮೇಲೆ ಒಬ್ಬಳೇ ನಕ್ಕೆ. ಅತ್ತೆ ಕೆಳಗಿಂದ, "ನೌಕರಿ ಅಂತ, ನಗಾಕತ್ತಾಳ" ಅಂದದ್ದು ಕೇಳಿಸಿತು.

ಆದರೆ ನನ್ನ ಶಾಲೆಯ ಅಹಂಕಾರಕ್ಕೆ ಪೆಟ್ಟು ಬಿದ್ದದ್ದೂ ಇಲ್ಲೇ. ನಾಲ್ಕು ವರ್ಷ ನಾನು ಮಕ್ಕಳ ಪಟ್ಟಿಯಲ್ಲಿ 'ಹೋಗಾಕತ್ತೀನಿ'ಗೆ ಕೆಂಪು ಗೆರೆ ಎಳೆದು 'ಹೋಗುತ್ತಿದ್ದೇನೆ' ಮಾಡಿದವಳು. ಅದೇ ಕೈಚಳಕ ಇಲ್ಲಿಯೂ ತೋರಿಸಿ 20 ಕಡತ ತಿದ್ದಿ ಕಳಿಸಿದೆ. ಇಪ್ಪತ್ತೂ ವಾಪಸು ಬಂದವು. ಜನ ಆಡಿದ್ದು ಆಡಿದ ಹಾಗೇ ಇರಬೇಕಂತೆ, 'ಹೋಗಾಕತ್ತೀನಿ' ಅಂದರೆ 'ಹೋಗಾಕತ್ತೀನಿ'ಯೇ. ಯಂತ್ರಕ್ಕೆ ಇರುವ ಈ ಮರ್ಯಾದೆ ನನಗೆ ಇರಲಿಲ್ಲವಲ್ಲ. ನನ್ನ ಕೆಂಪು ಗೆರೆ ಕಂಡು ಮುಖ ಸಣ್ಣದು ಮಾಡಿಕೊಂಡ ಮಕ್ಕಳು ಈಗ ಎಲ್ಲೆಲ್ಲಿದ್ದಾರೋ.

ಮನೆಯಲ್ಲಿ ಟವರ್ ಸಿಗುವುದು ಮಾಳಿಗೆಯ ಮೇಲೆ, ಸಿಂಟೆಕ್ಸ್‌ಗೂ ಕುಂಬಿಗೂ ನಡುವಿನ ನಾಲ್ಕು ಅಡಿಯಲ್ಲಿ ಮಾತ್ರ. ಅದೇ ನನ್ನ ಆಫೀಸು. ಫೆಬ್ರವರಿಯಲ್ಲಿ ಅಲ್ಲಿ ಬ್ಯಾಡಗಿ ಜಾತಿಯ ಮೆಣಸಿನಕಾಯಿ ಒಣಗುತ್ತಿರುತ್ತದೆ. ಕೆಂಪು ಜಮಖಾನೆ ಹಾಸಿದ ಹಾಗೆ ನೋಡಲು ಚೆಂದ, ಉಸಿರಾಡಲು ಮಾತ್ರ ಧೈರ್ಯ ಬೇಕು. ಗಾಳಿ ತಿರುಗಿದರೆ ಘಾಟು ಗಂಟಲಿಗೆ ಇಳಿದು ಕಣ್ಣಲ್ಲಿ ನೀರು. ಧ್ವನಿಯಲ್ಲಿ ಕೆಮ್ಮು, ಕೋಳಿ, ಗಾಡಿ ಏನೇ ಕೇಳಿದರೂ ಹಿನ್ನೆಲೆ ಸದ್ದು ಎಂದು ಗುರುತು ಹಾಕಬೇಕೆಂಬುದು ನಿಯಮ. ಒಮ್ಮೆ ಒಂದೇ ಕಡತದಲ್ಲಿ 14 ಕಡೆ ಕೆಮ್ಮು ಎಂದು ಹಾಕಿದೆ. ಆಮೇಲೆ ತಿಳಿಯಿತು, ಕೆಮ್ಮಿದವಳು ನಾನು.

ಈ ಹಿನ್ನೆಲೆ ಸದ್ದಿನ ವಿಷಯದಲ್ಲಿ ನನಗೊಬ್ಬ ಹಿರಿಯಕ್ಕ ಇದ್ದಳು. ಇಂಗ್ಲೆಂಡಿನ ಸ್ಟೆಫನಿ ಶರ್ಲಿ. 1962ರಲ್ಲೇ ಮನೆಯಲ್ಲಿ ಕೂತು ಪ್ರೋಗ್ರಾಮ್ ಬರೆಯುವ ಕಂಪನಿ ತೆಗೆದವಳು. ಮದುವೆಯಾಗಿ, ಮಕ್ಕಳಾಗಿ ಕೆಲಸ ಬಿಟ್ಟ ಹೆಂಗಸರನ್ನೇ ಸೇರಿಸಿಕೊಂಡಳು. ಮೊದಲ 300 ಮಂದಿಯಲ್ಲಿ ಗಂಡಸರು ಮೂವರೇ. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿನ ಪ್ರೋಗ್ರಾಮನ್ನು ಈ ಅಡುಗೆಮನೆಯವರೇ ಬರೆದದ್ದು. ಹೆಂಗಸಿನ ಹೆಸರಿನ ಕಾಗದಕ್ಕೆ ಯಾರೂ ಉತ್ತರ ಬರೆಯದಿದ್ದಾಗ 'ಸ್ಟೀವ್' ಎಂದು ಸಹಿ ಹಾಕತೊಡಗಿದಳು. ಫೋನ್ ಬಂದಾಗ ಮಗುವಿನ ಗಲಾಟೆ ಕೇಳಬಾರದೆಂದು ಟೈಪ್‌ರೈಟರಿನ ಟಕಟಕ ಸದ್ದನ್ನು ಟೇಪಿನಲ್ಲಿ ಹಿಡಿದಿಟ್ಟುಕೊಂಡು ಹಚ್ಚುತ್ತಿದ್ದಳಂತೆ. ನಾನೂ ಅಂಥದ್ದೊಂದು ಮಾಡೋಣವೆಂದುಕೊಂಡೆ. ಆದರೆ ಪಕ್ಕದ ಮನೆಯ ಹೋತವನ್ನು ಮುಚ್ಚುವಷ್ಟು ಜೋರಾಗಿ ಬಡಿಯುವ ಟೈಪ್‌ರೈಟರು ಲೋಕದಲ್ಲಿಲ್ಲ.

ಇಷ್ಟು ದೂರ ಇಂಗ್ಲೆಂಡಿಗೆ ಹೋಗುವುದೂ ಬೇಡ. ಬಳ್ಳಾರಿಯ ನನ್ನ ತವರಿನಲ್ಲಿ ಅವ್ವ ಮಾಡುತ್ತಿದ್ದದ್ದು ಇದೇ. ಜೀನ್ಸ್ ಪ್ಯಾಂಟಿನ ಗಂಟು ಸೈಕಲ್ ಮೇಲೆ ಬಾಗಿಲಿಗೆ ಬರುತ್ತಿತ್ತು, ಹೊಲಿಗೆಯ ತುದಿಯಲ್ಲಿ ಜೋತುಬಿದ್ದ ದಾರ ಕತ್ತರಿಸಿ ಕೊಡಬೇಕು, ಪೀಸಿಗೆ ಇಷ್ಟು ಎಂದು. ಮಧ್ಯಾಹ್ನ ನಮಗೆ ಅನ್ನ ಹಾಕಿ ಆಕೆ ಗೋಡೆಗೆ ಒರಗಿ ಕೂರುತ್ತಿದ್ದಳು. ಕತ್ತರಿ ಅಂಗೈಯಷ್ಟೂ ಇಲ್ಲ, ಬಾಯಿ ಮಾತ್ರ ಚೂಪು. ಪ್ಯಾಂಟನ್ನು ಒಳಮೈ ಮಾಡಿ ಕಾಲಿನ ಹೊಲಿಗೆಯ ಗುಂಟ ಬೆರಳು ಓಡಿಸುವಳು, ದಾರ ತಡೆದಲ್ಲಿ ಕಚ್ ಎನ್ನುವುದು. ಸಂಜೆಗೆ ಸೀರೆಯ ಮೇಲೆಲ್ಲ ದಾರದ ಚೂರು, ಬೆರಳ ತುದಿ ನೀಲಿ. ಆ ನೀಲಿ ಬೆರಳಲ್ಲಿ ಕಲಸಿದ ತುತ್ತು ತಿಂದು ಬೆಳೆದವಳು ನಾನು. ಜನಗಣತಿಯವರು ಬಂದು "ಏನು ಕೆಲಸ ಮಾಡ್ತೀರಮ್ಮ" ಎಂದು ಕೇಳಿದಾಗ, ತೊಡೆಯ ಮೇಲೆ ಪ್ಯಾಂಟು ಇಟ್ಟುಕೊಂಡೇ ಅವ್ವ ಹೇಳಿದಳು: "ಏನೂ ಇಲ್ಲಪ್ಪ, ಮನ್ಯಾಗ ಇರ್ತೀನಿ."

ಮನೆಯಲ್ಲಿ ಮಾಡುವುದಕ್ಕೆ ಲೆಕ್ಕ ಹಚ್ಚುವವರೂ ಇದ್ದಾರೆ ಅನ್ನಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ. ಊಟಕ್ಕೆ ಕೂತಾಗ ಮನೆಯವರಿಗೆ ಓದಿ ಹೇಳಿದೆ. ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತಿ, ನಿಜವಾದ ಕುತೂಹಲದಿಂದ, "ಹೌದಾ! ಎಂಬತ್ತೆಂಟು ನಿಮಿಷ ಮಾಡೋ ಗಂಡಸ್ರು ಯಾವೂರಾಗದಾರ?" ಎಂದು ಕೇಳಿದರು.

ನನ್ನ ಕೆಲಸದ ದೊಡ್ಡ ಗುಣ, ಯಾವಾಗ ಬೇಕಾದರೂ ಮಾಡಬಹುದು. ದೊಡ್ಡ ಅವಗುಣವೂ ಅದೇ. ಯಾವಾಗ ಬೇಕಾದರೂ ಮಾಡಬಹುದಾದ್ದನ್ನು ಯಾವಾಗ ಬೇಕಾದರೂ ಬಿಡಿಸಿ ಎಬ್ಬಿಸಬಹುದು ಎಂಬುದು ಮನೆಯ ಎಲ್ಲರ ತೀರ್ಮಾನ. ಗ್ಯಾಸಿನವನು ಬಂದ, ಇಳಿದು ಬಾ. ಮಗಳಿಗೆ ರಿಬ್ಬನ್ ಸಿಗುತ್ತಿಲ್ಲ, ಇಳಿದು ಬಾ. ನಾನು ಶಾಲೆಗೆ ಹೋಗುತ್ತಿದ್ದಾಗ ಯಾರೂ ಬಳ್ಳಾರಿಗೆ ಬಸ್ಸು ಹತ್ತಿ ಬಂದು ರಿಬ್ಬನ್ ಕೇಳಿದವರಲ್ಲ. ನೌಕರಿ ಅಂದರೆ ಅರ್ಧ ಸಂಬಳ, ಇನ್ನರ್ಧ ಮನೆಗೂ ನಮಗೂ ನಡುವಿನ ದೂರ ಎಂದು ಆಗ ಗೊತ್ತಿರಲಿಲ್ಲ. ನನಗೀಗ ಇರುವ ದೂರ 17 ಮೆಟ್ಟಿಲು.

ಮಾಳಿಗೆಗೆ ಬೆಲೆ ಬಂದದ್ದು ಒಂದೇ ಒಂದು ಸಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತಲ್ಲ, ಮರುದಿನ ಓಣಿಯ ಅರ್ಧ ಗಂಡಸರು ನನ್ನ ಆಫೀಸಿನಲ್ಲಿ. ಭತ್ತ ಹಚ್ಚಿ ಕಾಲುವೆಯ ನೀರನ್ನೇ ನಂಬಿದವರು, ನೀರು ಹೊಳೆಗೆ ಸುಮ್ಮನೆ ಹರಿದುಹೋಗುವ ವಿಡಿಯೋವನ್ನು ನಾಲ್ಕು ಅಡಿಯಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಬಾಗಿ ನೋಡಿದರು. ಯಾರೂ ಮಾತಾಡಲಿಲ್ಲ. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು. ಅದಾದ ಮೇಲೆ ಕಟ್ಟೆಯ ಹಿರಿಯರೊಬ್ಬರು ನನ್ನನ್ನು ಕಂಡಾಗ, "ಏನವಾ, ಟವರ್ ಚೊಲೋ ಐತಾ?" ಎಂದು ಬೆಳೆಯ ಕ್ಷೇಮ ಕೇಳಿದಂತೆ ಕೇಳುತ್ತಾರೆ.

ಸಂಬಳದ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಲೆಕ್ಕ ಧ್ವನಿಯ ತಾಸಿನ ಮೇಲೆ, ನನ್ನ ತಾಸಿನ ಮೇಲಲ್ಲ. ಒಂದು ತಾಸಿನ ಧ್ವನಿ ತಿದ್ದಲು ನನಗೆ ಐದು ತಾಸು. ಮೊದಲ ತಿಂಗಳು, ವಾಪಸು ಬಂದದ್ದೆಲ್ಲ ಕಳೆದು, ಖಾತೆಗೆ ಬಿದ್ದದ್ದು 1,840 ರೂಪಾಯಿ. ಅತ್ತೆಗೆ ತೋರಿಸಿದೆ. ಅವರು ತಮ್ಮ ಫೋನು ತೆಗೆದು ಮೊಮ್ಮಗನ ಕೈಯಲ್ಲಿ ಮೆಸೇಜು ಓದಿಸಿದರು. ಗೃಹಲಕ್ಷ್ಮಿ, 2,000. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅವರೇ. "ನಾ ಕೆಳಗ ಕುಂತು ಎರಡು ಸಾವಿರ, ನೀ ಮ್ಯಾಲ ಕುಂತು ಹದಿನೆಂಟು ನೂರು" ಅಂದರು. ಆಮೇಲೆ ತುಸು ಹೊತ್ತು ಬಿಟ್ಟು, ಮೇಲೆ ಬಿಸಿಲೆಂದು, ತಾವೇ ಒಂದು ತಂಬಿಗೆ ಮಜ್ಜಿಗೆ ಕಳಿಸಿದರು.

ಈ ಬಿಸಿಲೇ ಕೊನೆಗೆ ನನ್ನ ಕೈಹಿಡಿಯಿತು. ಮಾರ್ಚ್ ದಾಟಿದರೆ ನಮ್ಮ ಮಾಳಿಗೆ ರೊಟ್ಟಿ ಹೆಂಚು. ಕುಂಬಿಗೆ ಹಳೆಯ ಸೀರೆ ಕಟ್ಟಿ ನೆರಳು ಮಾಡಿಕೊಂಡರೂ, ಮೆಟ್ಟಿಲಿನಿಂದ ಆ ನೆರಳಿನವರೆಗೆ ಬರಿಗಾಲಲ್ಲಿ ನಡೆಯುವ ಹಾಗಿಲ್ಲ. ಹೋದ ವರ್ಷ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋದಾಗ ಒಂದು ಜೊತೆ ಚಪ್ಪಲಿ ತಂದೆ. ಮರುದಿನ ಹತ್ತೂವರೆಗೆ ಅದನ್ನು ಮೆಟ್ಟಿ, ಲ್ಯಾಪ್‌ಟಾಪು ಕಂಕುಳಲ್ಲಿಟ್ಟು ಮೆಟ್ಟಿಲು ಹತ್ತಿದೆ. ಅರ್ಧ ತಾಸಿನ ಮೇಲೆ ಪಕ್ಕದ ಮನೆಯವರು ಬಂದು ನನ್ನನ್ನು ಕೇಳಿದ್ದು, ಅತ್ತೆ ಉತ್ತರ ಕೊಟ್ಟದ್ದು ಎರಡೂ ಮೇಲಕ್ಕೆ ಕೇಳಿಸಿತು.

"ಡ್ಯೂಟಿಗಿ ಹೋಗ್ಯಾಳ. ಒಂದಕ್ಕ ಇಳೀತಾಳ, ಆವಾಗ ಬಾ."

ಚಪ್ಪಲಿಗೆ 180 ರೂಪಾಯಿ ಬಿತ್ತು. ಸಂಬಳದಲ್ಲೇ ಕೊಟ್ಟೆ.