ನಿಮ್ಮ ನಕ್ಷೆಗಳ ಪಟ್ಟಿಗೆ ಬೆಂಗಳೂರನ್ನೂ ಸೇರಿಸಿ

ವೆಲ್ಲಿಂಗ್ಟನ್ನಿನ ಡೈನೋಸಾರ್ ಪೋಲೊ ಕ್ಲಬ್‌ನ ಗೆಳೆಯರಿಗೆ,

ನೀವು ಕಟ್ಟಿದ 'ಮಿನಿ ಮೆಟ್ರೊ' ಆಟದಲ್ಲಿ ಲಂಡನ್ ಇದೆ, ಪ್ಯಾರಿಸ್ ಇದೆ, ಕೈರೋ ಇದೆ, ನಮ್ಮ ದೇಶದ ಮುಂಬೈಯೂ ಇದೆ. ನಮ್ಮ ಮನೆಯ ಟ್ಯಾಬ್‌ನಲ್ಲಿ ಎಷ್ಟು ಹುಡುಕಿದರೂ ಬೆಂಗಳೂರು ಸಿಗಲಿಲ್ಲ. ಅದನ್ನು ಸೇರಿಸಿ ಎಂದು ಕೇಳುವುದಕ್ಕೆ ಈ ಪತ್ರ. ಇಲ್ಲಿನ ಮೆಟ್ರೊದ ನೇರಳೆ ಮಾರ್ಗದಲ್ಲಿ ದಿನಾ ಓಡಾಡುವ ನಮ್ಮ ಜನವೂ ಓದಲಿ, ನಕ್ಷೆ ಹೇಗಿರಬೇಕು ಎನ್ನುವುದರಲ್ಲಿ ಅವರದ್ದೂ ಒಂದು ಮಾತು ಇರಲಿ ಎಂದು ಕನ್ನಡದಲ್ಲೇ, ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಆಡದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಪರದೆಯ ಮೇಲೆ ಮೊದಲು ಮೂರೇ ನಿಲ್ದಾಣ: ಒಂದು ವೃತ್ತ, ಒಂದು ತ್ರಿಕೋನ, ಒಂದು ಚೌಕ. ಬೆರಳಿನಿಂದ ಗೆರೆ ಎಳೆದರೆ ಅದೇ ಮಾರ್ಗ, ಅದರ ಮೇಲೆ ರೈಲು ಓಡುತ್ತದೆ. ಪ್ರಯಾಣಿಕರೂ ಪುಟಾಣಿ ಆಕಾರಗಳೇ. ತ್ರಿಕೋನ ತ್ರಿಕೋನದ ನಿಲ್ದಾಣಕ್ಕೆ ಹೋಗಬೇಕು. ಊರು ಬೆಳೆದಂತೆ ಹೊಸ ನಿಲ್ದಾಣಗಳು ಎಲ್ಲೆಂದರಲ್ಲಿ ಹುಟ್ಟಿಕೊಳ್ಳುತ್ತವೆ. ವಾರಕ್ಕೊಂದು ಎಂಜಿನ್ ಸಿಗುತ್ತದೆ. ಜೊತೆಗೆ ಬೋಗಿಯೋ, ಹೊಳೆ ದಾಟುವ ಸುರಂಗವೋ, ಹೊಸ ಮಾರ್ಗವೋ, ಒಂದನ್ನು ಆರಿಸಿಕೊಳ್ಳಬೇಕು. ಯಾವುದಾದರೂ ನಿಲ್ದಾಣದಲ್ಲಿ ಜನ ಹಿಡಿಸಲಾರದಷ್ಟು ತುಂಬಿ ಬಹಳ ಹೊತ್ತು ನಿಂತರೆ ಆಟ ಮುಗಿಯಿತು.

ನಿಮ್ಮಲ್ಲಿ ಪೀಟರ್ ಕರಿ, ರಾಬರ್ಟ್ ಕರಿ ಎಂಬ ಅಣ್ಣತಮ್ಮಂದಿರು 2013ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ಇದರ ಮೊದಲ ರೂಪ ಮಾಡಿದರು. 2021ರ ಏಪ್ರಿಲ್‌ನಲ್ಲಿ ಅದು 'ಆಪಲ್ ಆರ್ಕೇಡ್' ಚಂದಾದೊಳಗೆ ಸೇರಿದ್ದರಿಂದ ನಮ್ಮ ಮನೆಗೂ ಬಂತು. 2019ರಲ್ಲಿ ಆ ಸೇವೆ ಭಾರತದಲ್ಲಿ ಶುರುವಾದಾಗ ಚಂದಾ ತಿಂಗಳಿಗೆ 99 ರೂಪಾಯಿ ಇತ್ತು. ಮನೆಯ ಆರು ಮಂದಿ ಹಂಚಿಕೊಳ್ಳಬಹುದು. ನಡುವೆ ಜಾಹೀರಾತಿಲ್ಲ, ಇನ್ನಷ್ಟು ನಾಣ್ಯ ಕೊಳ್ಳಿ ಎಂಬ ಕಾಟವಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಎಷ್ಟೋ ಮನೆಗಳು ಸಾಲಕ್ಕೆ ಬಿದ್ದು, ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾಯ್ದೆಯನ್ನೇ ತರಬೇಕಾಯಿತು. ಅಂಥ ಕಾಲದಲ್ಲಿ, ಸೋತರೆ ಬರೀ ಆಟ ಸೋಲುವಂಥದ್ದನ್ನು ಮಗಳ ಕೈಗೆ ಕೊಡುವ ನೆಮ್ಮದಿಯೇ ಬೇರೆ.

ಈಗ ನಮ್ಮೂರಿನ ವಿಷಯ. ನಿಮ್ಮ ನಕ್ಷೆಗಳಲ್ಲಿ ತೊಡಕೆಂದರೆ ನೀರು. ಬೆಂಗಳೂರಿನ ನಡುವೆ ದೊಡ್ಡ ನದಿಯಿಲ್ಲ. ಹಲಸೂರು ಕೆರೆಯನ್ನು ಬೇಕಾದರೆ ಒಂದು ನೀಲಿ ಚುಕ್ಕೆಯಾಗಿ ಇಡಿ. ಇಲ್ಲಿ ಅಡ್ಡ ಬರುವುದು ಮೇಲೆ ರೈಲ್ವೆ ಹಳಿ, ಕೆಳಗೆ ಬಂಡೆ.

ಹಳಿ ಹಳೆಯದು. 1864ರಲ್ಲಿ ಈ ಊರಿಗೆ ರೈಲು ಬಂದದ್ದೇ ಕಂಟೋನ್ಮೆಂಟಿಗೆ, ಜೋಲಾರ್‌ಪೇಟೆ ಕಡೆಯಿಂದ. ನಮ್ಮ ಮೆಟ್ರೊದ ಮೊದಲ ತುಂಡು ತೆರೆದದ್ದೂ ಊರಿನ ಇದೇ ಪೂರ್ವ ಭಾಗದಲ್ಲಿ, 2011ರ ಅಕ್ಟೋಬರ್ 20ರಂದು: ಎಂ.ಜಿ. ರಸ್ತೆ, ಟ್ರಿನಿಟಿ, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಇನ್ನೊಂದು ತುಂಡು ಬಂತು. ನಡುವೆ ಉಳಿದದ್ದು ಎರಡು ಕಿಲೋಮೀಟರ್ ಚಿಲ್ಲರೆ. ಬೆನ್ನಿಗಾನಹಳ್ಳಿಯ ಬಳಿ ರೈಲ್ವೆ ಹಳಿಗಳ ಮೇಲೆ ಉಕ್ಕಿನ ಗರ್ಡರ್ ಕೂರಬೇಕಿತ್ತು. ಅಕ್ಟೋಬರ್ 9ರವರೆಗೆ, ಅಂದರೆ ಆರು ತಿಂಗಳಿಗೂ ಮೇಲೆ, ಜನ ಒಂದು ರೈಲಿಳಿದು, ಫೀಡರ್ ಬಸ್ ಹತ್ತಿ, ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಬೆವರಿ, ಇನ್ನೊಂದು ರೈಲು ಹಿಡಿದರು. ನಿಮ್ಮ ಆಟದಲ್ಲಿ ಸುರಂಗ ಮುಗಿದುಹೋದಾಗ ಎರಡು ಗೆರೆಗಳು ಹತ್ತಿರ ಬಂದೂ ಕೂಡದೆ ನಿಲ್ಲುತ್ತವಲ್ಲ, ಅದನ್ನು ನಮ್ಮ ಊರು ಆರು ತಿಂಗಳು ಬದುಕಿತು. ಆದ್ದರಿಂದ ನಕ್ಷೆಯ ಆ ಜಾಗದಲ್ಲಿ ಒಂದು ಹಳಿ ಇರಲೇಬೇಕು, ದಾಟುವುದಕ್ಕೆ ಒಂದು ಸೇತುವೆ ಖರ್ಚಾಗಲೇಬೇಕು.

ಬಂಡೆಯದು ಇನ್ನೊಂದು ಪಾಡು. ಗುಲಾಬಿ ಮಾರ್ಗಕ್ಕಾಗಿ 'ಊರ್ಜಾ' ಎಂಬ ಸುರಂಗ ಕೊರೆಯುವ ಯಂತ್ರ ಕಂಟೋನ್ಮೆಂಟಿನಿಂದ ಹೊರಟು ಶಿವಾಜಿನಗರದಲ್ಲಿ ಹೊರಬಿದ್ದದ್ದು 2021ರ ಸೆಪ್ಟೆಂಬರ್‌ನಲ್ಲಿ. ನಡೆದರೆ ಕಾಲುಗಂಟೆಯ ದಾರಿ. ಯಂತ್ರಕ್ಕೆ ವರ್ಷದ ಮೇಲಾಯಿತು. ಅದಕ್ಕೇ ಆಟದಲ್ಲೂ ಶಿವಾಜಿನಗರಕ್ಕೆ ಗೆರೆ ಎಳೆದರೆ ರೈಲು ತಕ್ಷಣ ಓಡದೆ, ಒಂದೆರಡು ವಾರ ಕಾಯುವಂತೆ ಮಾಡಿ. ಮೇಲೆ ಬಸ್ ನಿಲ್ದಾಣ, ರಸೆಲ್ ಮಾರ್ಕೆಟ್, ಸಂತ ಮೇರಿ ಬೆಸಿಲಿಕಾ. ಇಷ್ಟರ ಅಡಿಯಲ್ಲಿ ಕಲ್ಲು ಕೊರೆಯುವುದು ಎಂಥ ಕೆಲಸ ಎನ್ನುವುದು ಆಡುವವರಿಗೆ ತಿಳಿಯಲಿ.

ಇನ್ನು ನಿಮ್ಮ ಆಟದಲ್ಲಿ ಇಲ್ಲದ ಒಂದು ಸಂಗತಿ: ಟಿಕೆಟ್ ದರ. ನಿಮ್ಮ ಪ್ರಯಾಣಿಕರು ಎಷ್ಟು ಹೊತ್ತಾದರೂ ಕಾಯುತ್ತಾರೆ, ನಿಲ್ದಾಣ ಬಿಟ್ಟು ಹೋಗುವುದಿಲ್ಲ. ಇಲ್ಲಿ ಹೋಗುತ್ತಾರೆ. 2025ರ ಫೆಬ್ರುವರಿ 9ರಿಂದ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಪ್ರಯಾಣಿಕರ ಸಂಖ್ಯೆ ಇಳಿಯಿತು. ಹೋದವರು ಬಸ್ಸಿಗೆ, ಸ್ಕೂಟರಿಗೆ ಹೋದರು. ಹಳೇ ಮದ್ರಾಸ್ ರಸ್ತೆಗೆ ಅಷ್ಟು ಗಾಡಿಗಳು ಹೆಚ್ಚಿದಂತೆ. ಮನೆಗೆಲಸಕ್ಕೆಂದು ಕೆ.ಆರ್. ಪುರದಿಂದ ಇಂದಿರಾನಗರಕ್ಕೆ ಬರುವ ಹೆಂಗಸಿಗೆ ಹತ್ತಿಪ್ಪತ್ತು ರೂಪಾಯಿಯ ವ್ಯತ್ಯಾಸ ದೊಡ್ಡದೇ. ನಿಲ್ದಾಣ ತುಂಬಿ ತುಳುಕಿದರೆ ಸೋಲು ಎಂದು ನಿಮ್ಮ ಆಟ ಚೆನ್ನಾಗಿ ಕಲಿಸುತ್ತದೆ. ಜನ ನಿಲ್ದಾಣಕ್ಕೆ ಬಾರದೇ ಹೋದರೂ ಸೋಲೇ ಎಂಬುದನ್ನು ಬೆಂಗಳೂರಿನ ನಕ್ಷೆ ಕಲಿಸಲಿ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು. ಮಾರ್ಗ ಎಲ್ಲಿ ಹೋಗಬೇಕು, ಯಾರನ್ನು ಬಿಟ್ಟುಹೋಗುತ್ತದೆ ಎಂದು ಹತ್ತು ವರ್ಷದ ಮಗು ಬೆರಳಿನಲ್ಲಿ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು ಯೋಚಿಸಿದರೆ, ನಾಳೆ ತನ್ನೂರಿನ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಧೈರ್ಯ ಬರುತ್ತದೆ.

ಮೊದಲ ಮೂರು ನಿಲ್ದಾಣ ಕಂಟೋನ್ಮೆಂಟ್, ಹಲಸೂರು, ಕೆ.ಆರ್. ಪುರ ಇರುವ ಜಾಗಗಳಲ್ಲಿ ಹುಟ್ಟಲಿ. ಮೊದಲ ಗೆರೆ ನೇರಳೆ ಬಣ್ಣದ್ದಾಗಲಿ. 2018ರವರೆಗೆ ನಮ್ಮ ರೈಲುಗಳಿಗೆ ಮೂರೇ ಬೋಗಿ ಇದ್ದವು, ಆಮೇಲಷ್ಟೇ ಆರಾಗತೊಡಗಿದವು. ಹಾಗಾಗಿ ಬೋಗಿಗಳನ್ನು ತಡವಾಗಿಯೇ ಕೊಡಿ. ಬೇರೆ ವಿವರ ಬೇಕಿದ್ದರೆ ಕೇಳಿ. ಇಂದಿರಾನಗರದ ಪ್ಲಾಟ್‌ಫಾರ್ಮ್ ಬೆಳಿಗ್ಗೆ ಯಾವ ಹೊತ್ತಿಗೆ ತುಂಬುತ್ತದೆ, ಯಾವ ಕಡೆಯ ರೈಲು ಖಾಲಿ ಬರುತ್ತದೆ ಎನ್ನುವುದು ಇಲ್ಲಿನ ಶಾಲೆಯ ಮಕ್ಕಳಿಗೂ ಬಾಯಿಪಾಠ.

ಇಂತಿ ನಿಮ್ಮ ವಿಶ್ವಾಸಿ,
ಹಲಸೂರಿನ ಒಬ್ಬ ಮೆಟ್ರೊ ಪ್ರಯಾಣಿಕ