ಗುಡಗೇರಿ ಪಾಠಾಂತರ ಮೀಮಾಂಸೆ

ಮಂಗಳಾಚರಣೆಯ ಹೊತ್ತಿಗೆ ಕರೆಂಟ್ ಹೋದ ಕಾರಣ ನೇರವಾಗಿ ವಿಷಯ ಪ್ರವೇಶ ಮಾಡುತ್ತೇವೆ.

ಸಂಶೋಧನಾ ಕ್ಷೇತ್ರ: ಕುಂದಗೋಳ ತಾಲೂಕು, ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದ ಗುಡಗೇರಿ, ಚಹಾದಂಗಡಿಯ ಕಟ್ಟೆ. ದೊರೆತ ಪ್ರತಿಗಳು ಎರಡು. ಗು-1, ತಮ್ಮನ ಮೊಬೈಲ್: ಗಾಜು ಒಡೆದಿದೆ, ಬಲಮೂಲೆಯ ಅಕ್ಷರಗಳು ತ್ರುಟಿತ. ಗು-2, ಕಾಕಾನ ಮೊಬೈಲ್: ಮಿರ್ಚಿಯ ಎಣ್ಣೆ ಹತ್ತಿದೆ, ಆದರೂ ಓದಬಹುದು. ಎರಡರಲ್ಲೂ ಒಂದೇ ವಿಳಾಸದ ಬೆಳೆವಿಮೆ ಪಟ್ಟಿ. ಯಾವ ತಾಣ ಎಂಬುದು ಶಾಸ್ತ್ರಕ್ಕೆ ಅಪ್ರಸ್ತುತ.

“ಕಾಕಾ, ನಿಮ್ಮ ಹೆಸರು ಬಂದೈತ್ರೀ” ಎಂದು ಗು-1ರ ಪಾಠ.

“ನನ್ನ ಮೊಬೈಲ್‌ದಾಗ ಇಲ್ಲಲ್ಲೋ ತಮ್ಮಾ” ಎಂದು ಗು-2.

ಕಾರಣ ಸರಳ. ಪಟ್ಟಿ ಕೊಡುವ ಸರ್ವರ್ ಒಂದಲ್ಲ, ಹಲವು. ಒಂದರ ಮೇಲೇ ಭಾರ ಬೀಳದಂತೆ ಮುಂದೆ ಕೂತ ಲೋಡ್ ಬ್ಯಾಲೆನ್ಸರ್, ಬಂದವರನ್ನು ಸರದಿಯಂತೆ ಒಂದೊಂದು ಸರ್ವರಿಗೆ ಅಟ್ಟುತ್ತದೆ. ಹೊಸ ಪಟ್ಟಿ ಹಾಕುವಾಗ ಒಂದು ಸರ್ವರ್ ಮರೆತುಹೋದರೆ, ಅಲ್ಲಿಗೆ ಹೋದವನಿಗೆ ವಿಮೆಯಿಲ್ಲ.

ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ (1964) ಬರೆದಾಗ ಸರ್ವರ್ ಎಂಬ ಲಿಪಿಕಾರ ಇನ್ನೂ ಹುಟ್ಟಿರಲಿಲ್ಲ. ಆದರೂ ಓಲೆಗರಿಯ ಪ್ರತಿಗಳನ್ನು ಹೋಲಿಸುವ ವಿದ್ಯೆ ಇಲ್ಲಿ ಸಾಕಾಗುತ್ತದೆ.

ಪೂರ್ವಪಕ್ಷ: “ನೂರು ಸಲ ಪುಟ ತೆರೆದೆ, ಎಲ್ಲಾ ಒಂದ ಐತ್ರೀ.” ಖಂಡನೆ: ಬ್ಯಾಲೆನ್ಸರ್ ನಿನ್ನ ಕೈಗೆ ಕುಕೀ ಕೊಟ್ಟು ನೂರು ಸಲವೂ ಅದೇ ಸರ್ವರಿಗೆ ಕಳಿಸಿರಬಹುದು. ಒಂದೇ ಗರಿಯನ್ನು ನೂರು ಸಲ ಓದಿದರೆ ನೂರು ಪ್ರತಿ ಓದಿದ ಪುಣ್ಯ ಬಾರದು. ಬ್ಯಾಲೆನ್ಸರನ್ನು ಬದಿಗಿಟ್ಟು, ಒಂದೊಂದು ಸರ್ವರಿನ ಐಪಿ ವಿಳಾಸಕ್ಕೇ ಹೋಗಿ, ಹೋಸ್ಟ್ ಹೆಸರು ಮಾತ್ರ ತಾಣದ್ದೇ ಹೇಳಿ, ಪುಟ ಕೇಳಬೇಕು. ಬಂದ ಪುಟಗಳಿಗೆ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಬೇಕು. ಪುಟ ಎಷ್ಟೇ ಉದ್ದವಿರಲಿ, ಹ್ಯಾಶ್ ಬರೆದರೆ 64 ಅಕ್ಷರ. ಪುಟದಲ್ಲೊಂದು ಸೊನ್ನೆ ಬಿದ್ದುಹೋದರೂ ಅದು ಗುರುತೇ ಸಿಗದಷ್ಟು ಬದಲು.

ಇಲ್ಲಿಂದ ಪಂಡಿತರ ಜಗಳ. ಪುಟ ತಯಾರಾದ ಗಳಿಗೆ, ಸೆಷನ್ ಸಂಖ್ಯೆ ಸಲಸಲಕ್ಕೂ ಬೇರೆ. ಹ್ಯಾಶ್ ಎಂದಿಗೂ ಕೂಡದು. ಅವು ಲಿಪಿಕಾರನ ಪುಷ್ಪಿಕೆ, ಕಾವ್ಯವಲ್ಲ, ಕಿತ್ತುಹಾಕಿಯೇ ಹೋಲಿಸಬೇಕು. ಅಪಾಚೆ ಎಂಬ ಸರ್ವರ್ ತಂತ್ರಾಂಶದ ಮಹಿಮೆ ಇನ್ನೂ ದೊಡ್ಡದು. ಪುಟಕ್ಕೆ ಹಚ್ಚುವ ಇಟ್ಯಾಗ್ ಎಂಬ ಮುದ್ರೆಯಲ್ಲಿ ಅದು ಕಡತದ ಐನೋಡ್ ಸಂಖ್ಯೆಯನ್ನೂ ಸೇರಿಸುತ್ತಿತ್ತು. ಆ ಸಂಖ್ಯೆ ಆಯಾ ಯಂತ್ರದ ಡಿಸ್ಕಿನದು. ಹೀಗಾಗಿ ಅಕ್ಷರಶಃ ಒಂದೇ ಆದ ಪುಟಕ್ಕೆ ಎರಡು ಯಂತ್ರದಲ್ಲಿ ಎರಡು ಮುದ್ರೆ! 2.4ನೇ ಆವೃತ್ತಿಯಲ್ಲಿ ತಾನಾಗಿ ಹೀಗೆ ಸೇರಿಸುವ ಚಾಳಿ ಬಿಟ್ಟಿತು.

ಮೂರರಲ್ಲಿ ಎರಡು ಸರ್ವರ್ ಒಂದೇ ಮಾತಾಡಿದರೆ ಅದೇ ಶುದ್ಧಪಾಠವೇ? ಅಲ್ಲ. ಎರಡೂ ಹಳೆಯ ಪಟ್ಟಿಯನ್ನೇ ಹಿಡಿದು ಕೂತಿರಬಹುದು. ಬಹುಮತ ಪಂಚಾಯಿತಿ ಚುನಾವಣೆಗೆ ಸರಿ. ಹೋಲಿಸಬೇಕಾದದ್ದು ಕಚೇರಿಯ ಮೂಲಪಟ್ಟಿಯೊಡನೆ. ಕಾಕಾ ಮಾತ್ರ ಯಾವ ಶಾಸ್ತ್ರವನ್ನೂ ಕಾಯದೆ, ತಮ್ಮ ಹೆಸರಿದ್ದ ಪಾಠವನ್ನೇ ಸ್ವೀಕರಿಸಿ ಎರಡು ಚಹಾ ಹೇಳಿದರು.

ಸರ್ವರ್ ನಡೆಸುವವರಲ್ಲಿ ವಿನಂತಿ: ಹೊಸ ಪಟ್ಟಿ ಹಾಕಿದ ದಿನವೇ ಎಲ್ಲ ಸರ್ವರುಗಳನ್ನೂ ಮೂಲಕ್ಕೆ ಹೋಲಿಸಿ, ಕೂಡದ್ದನ್ನು ಸರದಿಯಿಂದ ಹೊರಗಿಡಿ. ಅಲ್ಲಿಯತನಕ ಒಂದೇ ಮೊಬೈಲ್ ನಂಬಿ ಯಾರೂ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಬೇಡಿ.