ಹೆತ್ತವಳು ಹಂದಿ, ಬಾಣಂತನ ಪ್ರಬಂಧಕ್ಕೆ

ಮೂವತ್ತೆರಡರಲ್ಲಿ ಒಂದು ಅಂಕ ತೆಗೆದು ಪಾಸಾಗುವುದು ಹೇಗೆ? ನಮ್ಮ ಎಸ್ಸೆಸ್ಸೆಲ್ಸಿ ಹುಡುಗರು ಈ ವಿದ್ಯೆಯನ್ನು ಜೀನು ತಿದ್ದುವ ವಿಜ್ಞಾನಿಗಳಿಂದ ಕಲಿಯಬೇಕು.

2015ರಲ್ಲಿ ದಕ್ಷಿಣ ಕೊರಿಯಾ ಮತ್ತು ಚೀನಾದ ವಿಜ್ಞಾನಿಗಳು ಸೇರಿ ಹಂದಿಯ ಮೈಯೊಸ್ಟಾಟಿನ್ ಜೀನಿಗೆ ಕತ್ತರಿ ಹಾಕಿದರು. ಮಾಂಸಖಂಡ ಮಿತಿಮೀರಿ ಬೆಳೆಯದಂತೆ ತಡೆಯುವ ಜೀನು ಅದು. ತಡೆ ಹೋಯಿತು, ಪೈಲ್ವಾನ್ ಹಂದಿ ಬಂತು, ಪಟ ಬಂತು. ಇನ್ನು ಲೆಕ್ಕ: ಹುಟ್ಟಿದ ಮರಿಗಳು 32. ಎಂಟು ತಿಂಗಳು ಕಂಡವು 13. ಸುದ್ದಿ ಹೊರಬೀಳುವ ಹೊತ್ತಿಗೆ ಜೀವಂತವಾಗಿದ್ದವು ಎರಡು. ಅದರಲ್ಲಿ ಆರೋಗ್ಯವಾಗಿದೆ ಅನ್ನಿಸಿಕೊಂಡದ್ದು ಒಂದು. ಈ ತಳಿಯ ವೀರ್ಯವನ್ನು ಚೀನಾದ ರೈತರಿಗೆ ಮಾರುವ ಆಲೋಚನೆ ಮಾತ್ರ ಪೂರ್ಣ ಆರೋಗ್ಯದಲ್ಲಿತ್ತು.

ಮರಿಗಳು ಹೊಟ್ಟೆಯಲ್ಲೇ ದಪ್ಪವಾಗಿ ಹೆರಿಗೆಯೂ ಕಷ್ಟವಾಯಿತು. ಅದಕ್ಕೂ ಸಮಜಾಯಿಷಿ ಸಿದ್ಧ: ಬೆಲ್ಜಿಯನ್ ಬ್ಲೂ ದನಗಳಲ್ಲಿ ಇದೇ ಜೀನು ತಾನಾಗಿಯೇ ಕೆಟ್ಟಿದೆಯಲ್ಲ, ಪ್ರಕೃತಿ ಮಾಡಿದ್ದನ್ನೇ ನಾವು ಬೇಗ ಮಾಡಿದೆವು! ಸಾಕ್ಷಿ ಹೇಳಲು ಕರೆತಂದದ್ದು ಎಂಥ ಹಸುವನ್ನು ನೋಡಿ. ಆ ತಳಿಯಲ್ಲಿ ಹೆಚ್ಚಿನ ಕರುಗಳು ಈ ಲೋಕ ಕಾಣುವುದೇ ಸಿಸೇರಿಯನ್ ಮೂಲಕ.

ಪ್ರಾಣಿಯ ಪಾಡು ಮರೆತು ಗೆಲುವು ಸಾರುವ ಈ ರೋಗ ಹೊಸದೂ ಅಲ್ಲ. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಸರ್ಕಾರಿ ಸಂಶೋಧಕರು 1980ರ ದಶಕದಲ್ಲೇ ಬೆಳವಣಿಗೆಯ ಹಾರ್ಮೋನಿನ ಹೆಚ್ಚುವರಿ ಜೀನನ್ನು ಹಂದಿಗಳಿಗೆ ಸೇರಿಸಿದ್ದರು. ಕೊಬ್ಬು ಕರಗಿತು, ತಿಂದ ಮೇವು ಮೈಗೆ ಹತ್ತಿತು. ಜೊತೆಗೆ ಕೀಲುನೋವು, ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆಯೂ ಹತ್ತಿದವು. ಹಂದಿಗೆ ನಿಲ್ಲಲು ಆಗುತ್ತಿರಲಿಲ್ಲ. ಫಲಿತಾಂಶ ಮಾತ್ರ 1989ರಲ್ಲಿ ಪ್ರತಿಷ್ಠಿತ ಪತ್ರಿಕೆಯಲ್ಲಿ ನೆಟ್ಟಗೆ ನಿಂತಿತು.

2012ರಲ್ಲಿ ನ್ಯೂಜಿಲೆಂಡಿನ ಆಗ್‌ರಿಸರ್ಚ್ ಸಂಸ್ಥೆ ಜೀನು ತಿದ್ದಿ ತದ್ರೂಪಿ ವಿಧಾನದಲ್ಲಿ ಹುಟ್ಟಿಸಿದ ಡೈಸಿ ಎಂಬ ಕರುವನ್ನು ಲೋಕಕ್ಕೆ ತೋರಿಸಿತು. ಅಲರ್ಜಿ ತರುವ ಒಂದು ಪ್ರೋಟೀನು ಅದರ ಹಾಲಿನಲ್ಲಿ ಇಲ್ಲ. ಬಾಲವೂ ಇಲ್ಲ! ಬಾಲ ಹೋದದ್ದಕ್ಕೂ ಜೀನು ತಿದ್ದಿದ್ದಕ್ಕೂ ಸಂಬಂಧವಿರಲಾರದು ಎಂದರು ಸಂಶೋಧಕರು. ಇರಬಹುದು, ತದ್ರೂಪಿ ಮಾಡುವ ವಿಧಾನದ ತಪ್ಪೇ ಇರಬಹುದು. ಆದರೆ ಬೆನ್ನ ಮೇಲೆ ಕೂತ ನೊಣಕ್ಕೆ ಈ ವ್ಯತ್ಯಾಸ ವಿವರಿಸುವವರು ಯಾರು? ಹಾಲಿನ ಗುಣವೆಲ್ಲ ಜೀನಿನ ಖಾತೆಗೆ ಜಮಾ, ಕರುವಿನ ಊನವೆಲ್ಲ ಇನ್ನಾರದೋ ಖಾತೆಗೆ ಖರ್ಚು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಿ ಹೆತ್ತದ್ದು ಹಂದಿ, ಮುದ್ದು ಮಾಡುವವರು ಪ್ರಬಂಧ ಬರೆದವರು. ಎಷ್ಟು ಗರ್ಭ ನಿಂತಿತು, ಎಷ್ಟು ಜಾರಿತು, ಎಷ್ಟು ತಾಯಂದಿರ ಹೊಟ್ಟೆ ಕೊಯ್ದರು, ಎಷ್ಟು ಮರಿ ವಾರದೊಳಗೆ ಸತ್ತವು ಎಂಬುದಕ್ಕೆ ಪತ್ರಿಕಾ ಪ್ರಕಟಣೆಯಲ್ಲಿ ಜಾಗವೇ ಸಾಲದು.

ಈ ವಿದ್ಯೆಯೇ ಬೇಡ ಎಂದು ಯಾರೂ ಹೇಳುತ್ತಿಲ್ಲ. ಹಂದಿಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುವ ಪಿಆರ್‌ಆರ್‌ಎಸ್ ವೈರಸ್ಸನ್ನು ತಡೆದುಕೊಳ್ಳುವಂತೆ ಜೀನು ತಿದ್ದಿದ ಹಂದಿಗೆ ಅಮೆರಿಕದ ಎಫ್‌ಡಿಎ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಲಾಭದಲ್ಲಿ ಹಂದಿಗೂ ಪಾಲಿದೆ. ತಕ್ಕಡಿ ಹಾಗಿರಬೇಕು. ಮುಂದಿನ ಸಲ ಪತ್ರಿಕೆಯಲ್ಲಿ ‘ಪ್ರಯೋಗ ಯಶಸ್ವಿ’ ಎಂಬ ತಲೆಬರಹ ಕಂಡರೆ ಚಪ್ಪಾಳೆ ತಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಿ: ಎಷ್ಟರಲ್ಲಿ ಎಷ್ಟು?